ಬಿಚ್ಚುವ ಮುಂಚೆ ಅಳೆಯಿರಿ: ಹತ್ತು ನಿಮಿಷಕ್ಕೆ ಟ್ರಿಪ್ ಆಗುವ ಪಂಪ್‌ಸೆಟ್ಟಿನ ದೋಷ ಹಿಡಿಯುವ ಬಗೆ

ನಾಟಿ ಹಂಗಾಮಿನಲ್ಲಿ ಸಿಂಧನೂರು, ಗಂಗಾವತಿ, ಸಿರುಗುಪ್ಪದ ರಿವೈಂಡಿಂಗ್ (ಮೋಟರಿನೊಳಗಿನ ತಾಮ್ರದ ತಂತಿ ಹೊಸದಾಗಿ ಸುತ್ತುವ) ಅಂಗಡಿಗಳ ಮುಂದೆ ಮೋಟರ್‌ಗಳು ಸಾಲುಗಟ್ಟಿ ಕೂತಿರುತ್ತವೆ. ಅವುಗಳಲ್ಲಿ ಕೆಲವು ಸುಟ್ಟೇ ಇರುವುದಿಲ್ಲ. ಸ್ಟಾರ್ಟರ್ ಹತ್ತು ನಿಮಿಷಕ್ಕೊಮ್ಮೆ ಟ್ರಿಪ್ ಆಯಿತು, ಮೋಟರ್ ಮೈ ಮುಟ್ಟಿದರೆ ಸುಟ್ಟಿತು, "ವೈಂಡಿಂಗ್ ಹೋತ್ ನೋಡ್ರಿ" ಅಂತ ಯಾರೋ ಅಂದರು, ಬಿಚ್ಚಿ ಟ್ರ್ಯಾಕ್ಟರಿಗೆ ಹಾಕಿದರು. ಹೊಸ ವೈಂಡಿಂಗ್ ಹಾಕಿಸಿ ತಂದು ಕೂರಿಸಿದ ಮೇಲೂ ಅದೇ ಟ್ರಿಪ್. ತಪ್ಪು ಇದ್ದದ್ದು ಫ್ಯೂಸಿನ ಕ್ಯಾರಿಯರ್‌ನಲ್ಲಿ, ಅಂದರೆ ಫ್ಯೂಸ್ ತಂತಿ ಕೂರಿಸಿ ಎಳೆದು ತೆಗೆಯುವ ಹಿಡಿಕೆಯಲ್ಲಿ.

ದೋಷ ಇರಬಹುದಾದ ಜಾಗ ನಾಲ್ಕೇ: ಬರುವ ಕರೆಂಟು, ಕಂಬದಿಂದ ಮೋಟರ್ ತನಕದ ದಾರಿ, ಮೋಟರ್, ಪಂಪು. ವೋಲ್ಟೇಜ್ ಮತ್ತು ಆಂಪಿಯರ್ ಎಂಬ ಎರಡು ಅಳತೆಗಳನ್ನು ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿನಲ್ಲಿ ತೆಗೆದರೆ ಯಾವ ಜಾಗ ಅನ್ನುವುದು ಗೊತ್ತಾಗುತ್ತದೆ. ಒಂದು ಮಲ್ಟಿಮೀಟರ್, ವೈರಿನ ಸುತ್ತ ಹಿಡಿದು ಆಂಪಿಯರ್ ಅಳೆಯುವ ಒಂದು ಕ್ಲ್ಯಾಂಪ್ ಮೀಟರ್, 12 ವೋಲ್ಟಿನ ಒಂದು ಬ್ಯಾಟರಿ, ಒಂದು ಹೆಡ್‌ಲೈಟ್ ಬಲ್ಬು ಸಾಕು. ಸ್ಟಾರ್ಟರ್ ಡಬ್ಬಿ ತೆರೆದು ಚಾಲೂ ಇದ್ದಾಗ ಅಳೆಯುವ ಕೆಲಸ ವೈರಿಂಗ್ ಬಲ್ಲವರದು. ಕಾಲಡಿ ಒಣ ಹಲಗೆ ಇರಲಿ, ಕೆಸರಲ್ಲಿ ನಿಂತು ಅಳೆಯಬೇಡಿ. ಟಿಸಿ (ಟ್ರಾನ್ಸ್‌ಫಾರ್ಮರ್) ಕಟ್ಟೆ ಹತ್ತುವುದು ಲೈನ್‌ಮನ್ ಕೆಲಸ, ಅಲ್ಲಿಗೆ ನಮ್ಮ ಕೈ ಹೋಗಬಾರದು.

ಲೆಕ್ಕ ಎಲ್ಲಿ ಸರಿ, ಎಲ್ಲಿ ದಾರಿ ತಪ್ಪಿಸುತ್ತದೆ

ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ಓಮ್, ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್. ಮೂರನೆಯದು ಇವೆರಡರಿಂದಲೇ ಹುಟ್ಟಿದ್ದು: ಆಂಪಿಯರ್ × ಆಂಪಿಯರ್ × ಓಮ್ = ಬಿಸಿಯಾಗಿ ಹೋಗುವ ವ್ಯಾಟ್. ದೋಷ ಹುಡುಕುವವರಿಗೆ ಹೆಚ್ಚು ಕೆಲಸಕ್ಕೆ ಬರುವುದು ಈ ಮೂರನೆಯದೇ.

ನೀರು ಕಾಯಿಸುವ 1500 ವ್ಯಾಟಿನ ಕಾಯಿಲ್ 230 ವೋಲ್ಟಿಗೆ 6.5 ಆಂಪಿಯರ್ ಎಳೆಯುತ್ತದೆ, ಅಂದರೆ 35.3 ಓಮ್. ವೋಲ್ಟೇಜ್ 170ಕ್ಕೆ ಇಳಿದರೂ ಓಮ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ಕರೆಂಟ್ 4.8 ಆಂಪಿಯರಿಗೆ, ಪವರ್ ಸುಮಾರು 820 ವ್ಯಾಟಿಗೆ ಇಳಿಯುತ್ತದೆ. ನೀರು ತಡವಾಗಿ ಕಾಯುತ್ತದೆ, ಕಾಯಿಲ್ ಸುಡುವುದಿಲ್ಲ.

ಮೋಟರ್ ಇದಕ್ಕೆ ತಿರುಗುಮುರುಗು. ಪಂಪು ಕೇಳುವ ಕೆಲಸ ಕಡಿಮೆಯಾಗುವುದಿಲ್ಲವಾದ್ದರಿಂದ ವೋಲ್ಟೇಜ್ ಇಳಿದಷ್ಟೂ ಅದು ಆಂಪಿಯರ್ ಹೆಚ್ಚಿಗೆ ಎಳೆಯುತ್ತದೆ. 5 ಎಚ್‌ಪಿ ಅಂದರೆ ಶಾಫ್ಟಿನಲ್ಲಿ 3730 ವ್ಯಾಟ್. ಮೋಟರಿನ ದಕ್ಷತೆ 80% ಎಂದಿಟ್ಟರೆ ಒಳಗೆ ಹೋಗಬೇಕಾದ್ದು 4660 ವ್ಯಾಟ್. ತ್ರೀ ಫೇಸಿನಲ್ಲಿ ಪವರ್ = 1.732 × ವೋಲ್ಟ್ × ಆಂಪಿಯರ್ × ಪವರ್ ಫ್ಯಾಕ್ಟರ್. ಪವರ್ ಫ್ಯಾಕ್ಟರ್ (ಈ ಗುಣಾಕಾರದಲ್ಲಿ ನಿಜವಾಗಿ ವ್ಯಾಟ್ ಆಗುವ ಪಾಲು) 0.8 ಹಿಡಿದರೆ 415 ವೋಲ್ಟಿಗೆ 8.1 ಆಂಪಿಯರ್, 340 ವೋಲ್ಟಿಗೆ 9.9 ಆಂಪಿಯರ್. ಹೆಚ್ಚಿದ್ದು ಎರಡು ಆಂಪಿಯರೂ ಅಲ್ಲ ಅನ್ನಿಸಬಹುದು. ಆದರೆ ವೈಂಡಿಂಗಿನ ಬಿಸಿ ಆಂಪಿಯರಿನ ವರ್ಗದಂತೆ ಏರುವುದರಿಂದ ಅದು ಒಂದೂವರೆ ಪಟ್ಟಾಗಿರುತ್ತದೆ. ಶಕ್ತಿನಗರ, ಕುಡತಿನಿ, ಮುನಿರಾಬಾದಿನಲ್ಲಿ ಕರೆಂಟು ಹುಟ್ಟುವ ರಾಯಚೂರು, ಬಳ್ಳಾರಿ, ಕೊಪ್ಪಳ ಈ ಮೂರು ಜಿಲ್ಲೆಗಳಲ್ಲೇ ಹೊಲದ ತುದಿಯಲ್ಲಿ 340 ಕಾಣುವುದು ಅಪರೂಪವೇನಲ್ಲ.

ಇನ್ನು ದಾರಿ ತಪ್ಪಿಸುವ ಲೆಕ್ಕ. ಓಡುತ್ತಿರುವ ಮೋಟರಿನ 415 ವೋಲ್ಟನ್ನು 8.1 ಆಂಪಿಯರಿನಿಂದ ಭಾಗಿಸಿದರೆ 51 ಬರುತ್ತದೆ. ಅದು ವೈಂಡಿಂಗಿನ ಓಮ್ ಅಲ್ಲ. ಅದೇ ಮೋಟರಿನ ಎರಡು ತುದಿಗಳ ನಡುವೆ ತಾಮ್ರದ ನಿಜವಾದ ರೆಸಿಸ್ಟೆನ್ಸ್ ಎರಡೂವರೆ ಓಮ್ ಆಸುಪಾಸು. ಮಿಕ್ಕ ತಡೆಯನ್ನು ಒಡ್ಡುವುದು ತಿರುಗುತ್ತಿರುವ ರೋಟರು ಮತ್ತು ಕಾಂತಕ್ಷೇತ್ರ. ರೋಟರ್ ಜಾಮ್ ಆಗಿ ನಿಂತರೆ ಆ ತಡೆಯ ಬಹುಪಾಲು ಹೋಗಿ ಕರೆಂಟ್ ಆರು ಪಟ್ಟಿನಷ್ಟು, ಅಂದರೆ 48 ಆಂಪಿಯರ್ ಹತ್ತಿರ ಹೋಗುತ್ತದೆ. ವೈಂಡಿಂಗಿನಲ್ಲಿ ಬಿಸಿ 36 ಪಟ್ಟು. ಗುಂಯ್ ಅನ್ನುತ್ತಾ ತಿರುಗದೆ ನಿಂತ ಮೋಟರನ್ನು "ಹತ್ತುತ್ತೇನೋ" ಅಂತ ಕಾಯುತ್ತಾ ಬಟನ್ ಒತ್ತಿ ಹಿಡಿಯುವುದು ಅದಕ್ಕೇ ದುಬಾರಿ.

ಮೊದಲ ಅಳತೆ: ಮೋಟರ್ ನಿಂತಾಗ ಮತ್ತು ಓಡುವಾಗ

ಸ್ಟಾರ್ಟರಿಗೆ ಕರೆಂಟ್ ಬರುವ ಮೂರು ಸ್ಕ್ರೂಗಳಲ್ಲಿ ಕೆಂಪು–ಹಳದಿ, ಹಳದಿ–ನೀಲಿ, ನೀಲಿ–ಕೆಂಪು ಹೀಗೆ ಮೂರು ಜೋಡಿ ವೋಲ್ಟೇಜ್ ಬರೆದುಕೊಳ್ಳಿ. ಮೋಟರ್ ಚಾಲೂ ಮಾಡಿ ಎರಡು ನಿಮಿಷ ಬಿಟ್ಟು ಅದೇ ಮೂರನ್ನು ಮತ್ತೆ ಬರೆಯಿರಿ, ಜೊತೆಗೆ ಮೂರೂ ವೈರಿನ ಆಂಪಿಯರ್.

ನಿಂತಾಗಲೇ ಮೂರೂ 360ರಷ್ಟಿದ್ದರೆ ನಿಮ್ಮ ಮೋಟರಿನ ತಪ್ಪಿಲ್ಲ, ಟಿಸಿ ಮೇಲೆ ಹೊರೆ ಹೆಚ್ಚಿದೆ ಇಲ್ಲವೇ ಲೈನ್ ಉದ್ದವಾಗಿದೆ. 63 ಕೆವಿಎ ಟಿಸಿಯ ಪೂರ್ತಿ ಹೊರೆ ಫೇಸಿಗೆ 84 ಆಂಪಿಯರ್, 25 ಕೆವಿಎಯದು 33 ಆಂಪಿಯರ್. ಐದು ಎಚ್‌ಪಿಯ ಹತ್ತು ಮೋಟರ್ ಅಂದರೆ 80 ದಾಟಿತು, 63ರ ಟಿಸಿಗೆ ಅಲ್ಲಿಗೇ ಹೊಟ್ಟೆ ತುಂಬಿತು. ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಕೊಂಡು ತ್ರೀ ಫೇಸ್ ಬಂದ ಕೂಡಲೇ ಹತ್ತೂ ಒಟ್ಟಿಗೆ ಎದ್ದರೆ ಆ ಗಳಿಗೆಯಲ್ಲಿ ಬೇಡಿಕೆ 480 ಆಂಪಿಯರ್ ಆಸುಪಾಸು. ವೋಲ್ಟೇಜ್ ಕುಸಿಯುತ್ತದೆ, ಯಾವ ಮೋಟರೂ ವೇಗ ಹಿಡಿಯುವುದಿಲ್ಲ, ಒಬ್ಬೊಬ್ಬರದಾಗಿ ಟ್ರಿಪ್. ಒಂದೇ ಟಿಸಿಯವರು ಕೂತು ಮಾತಾಡಿ ಟೈಮರುಗಳನ್ನು ಒಬ್ಬರಿಗೆ 20 ಸೆಕೆಂಡ್, ಮುಂದಿನವರಿಗೆ 40, ಅವರ ಮುಂದಿನವರಿಗೆ 60 ಎಂದು ಹಂಚಿಕೊಂಡರೆ ಇದು ತಪ್ಪುತ್ತದೆ. ಖರ್ಚಿಲ್ಲದ ರಿಪೇರಿ, ಆದರೂ ಮಾಡುವವರು ಕಡಿಮೆ.

ನಿಂತಾಗ 412, ಓಡುವಾಗ ಮೂರೂ ಜೋಡಿ ಒಂದೇ ಸಮ 388 ಆಯಿತು, ಕರೆಂಟ್ 9 ಆಂಪಿಯರ್ ಎಂದುಕೊಳ್ಳಿ. ಅಳೆಯುವಾಗ ಪಕ್ಕದ ಹೊಲದವರು ಚಾಲೂ ಮಾಡಿಲ್ಲ ಅನ್ನುವುದು ಖಾತ್ರಿ ಇರಲಿ. ಇಳಿದದ್ದು 24 ವೋಲ್ಟ್. 24 ÷ (1.732 × 9 × 0.8) = 1.9 ಓಮ್, ಪ್ರತಿ ವೈರಿನ ದಾರಿಯಲ್ಲಿ. ಇದು ಹೆಚ್ಚು. ಕಂಬದ ಮೇಲಿನ ವೀಸಲ್ ತಂತಿ ಕಿಲೋಮೀಟರಿಗೆ ಸುಮಾರು 0.9 ಓಮ್, ಅರ್ಧ ಕಿಲೋಮೀಟರ್ ಲೈನಿದ್ದರೂ ಅರ್ಧ ಓಮ್ ದಾಟುವುದಿಲ್ಲ. ಹಾಗಾದರೆ ಮಿಕ್ಕದ್ದು ಕಂಬದಿಂದ ನಿಮ್ಮ ಡಬ್ಬಿ ತನಕದ ಸರ್ವಿಸ್ ವೈರಿನಲ್ಲಿದೆ. ಅಲ್ಯೂಮಿನಿಯಂ ತಂತಿಯ ಓಮ್ = 0.0282 × ಮೀಟರ್ ÷ ಸ್ಕ್ವೇರ್ ಎಂಎಂ. 4 ಸ್ಕ್ವೇರ್ ವೈರನ್ನು 200 ಮೀಟರ್ ಎಳೆದಿದ್ದರೆ 1.4 ಓಮ್, ಬಿಸಿಲಿಗೆ ಕಾದರೆ ಇನ್ನೂ ಸ್ವಲ್ಪ ಹೆಚ್ಚು. ಲೆಕ್ಕ ಕೂಡಿತು. ಅದನ್ನೇ 10 ಸ್ಕ್ವೇರ್‌ಗೆ ಬದಲಿಸಿದರೆ 0.56 ಓಮ್, ಆ ತುಂಡಿನ ಇಳಿತ 17 ವೋಲ್ಟಿನಿಂದ 7ಕ್ಕೆ ಬರುತ್ತದೆ.

ಮೂರೂ ಸಮನಾಗಿ ಇಳಿಯದೆ ಎರಡು ಜೋಡಿ ಮಾತ್ರ ಇಳಿದರೆ ವೈರಿನ ಉದ್ದದ ಮಾತೇ ಇಲ್ಲ. ಕೆಂಪು–ಹಳದಿ, ನೀಲಿ–ಕೆಂಪು ಇಳಿದು ಹಳದಿ–ನೀಲಿ ಹಾಗೇ ಇದ್ದರೆ ಎರಡರಲ್ಲೂ ಇರುವ ಕೆಂಪಿನ ದಾರಿಯಲ್ಲಿ ಎಲ್ಲೋ ಜಾಯಿಂಟ್ ಸಡಿಲ.

ಸುಟ್ಟ ಸ್ಕ್ರೂ ಹಿಡಿಯುವುದು

ಎಲ್ಲೋ ಅಂದರೆ ಎಲ್ಲಿ? ಇದಕ್ಕೆ ಫೇಸ್–ಫೇಸ್ ನಡುವೆ ಅಳೆಯದೆ ಒಂದೇ ಫೇಸಿನ ಉದ್ದಕ್ಕೆ ಅಳೆಯಬೇಕು. ಮೋಟರ್ ಓಡುತ್ತಿರಲಿ. ಮೀಟರಿನ ಒಂದು ಕಡ್ಡಿ ಫ್ಯೂಸಿನ ಮೇಲಿನ ಸ್ಕ್ರೂಗೆ, ಇನ್ನೊಂದು ಅದೇ ಫ್ಯೂಸಿನ ಕೆಳಗಿನ ಸ್ಕ್ರೂಗೆ. ಮೀಟರ್ ಮೊದಲು 600 ವೋಲ್ಟ್ ರೇಂಜಿನಲ್ಲಿರಲಿ, ಸೊನ್ನೆ ಕಂಡ ಮೇಲೆ 20 ವೋಲ್ಟ್ ರೇಂಜಿಗೆ ಇಳಿಸಿ. ಅಳೆಯುವಾಗಲೇ ಫ್ಯೂಸ್ ಹಾರಿದರೆ ದೊಡ್ಡ ವೋಲ್ಟೇಜ್ ಕಡ್ಡಿಗಳ ನಡುವೆ ಬರುತ್ತದೆ, ಆದ್ದರಿಂದ ಕೈ ಕಡ್ಡಿಯ ಹಿಡಿಯ ಮೇಲೇ ಇರಲಿ.

ಗಟ್ಟಿ ಸಂಪರ್ಕವಿದ್ದರೆ ಕಾಣುವುದು 0.05 ವೋಲ್ಟಿನಂಥ ಅಲ್ಪ ಸಂಖ್ಯೆ. 9 ಆಂಪಿಯರ್ ಓಡುವಾಗ 1.8 ವೋಲ್ಟ್ ಕಂಡರೆ 1.8 ÷ 9 = 0.2 ಓಮ್, 1.8 × 9 = 16 ವ್ಯಾಟ್. ಬೆಸುಗೆ ಹಾಕುವ ಸಣ್ಣ ಸೋಲ್ಡರಿಂಗ್ ಐರನ್ನಿನ ಬಿಸಿಯಷ್ಟು ಆ ಒಂದು ಸ್ಕ್ರೂ ತಲೆಯಡಿ ಬಿಡದೆ ಹೊಮ್ಮುತ್ತಿದೆ. ಕರೆಂಟ್ ತೆಗೆದು ಕ್ಯಾರಿಯರ್ ಎಳೆದು ನೋಡಿ: ಹಿತ್ತಾಳೆ ನಾಲಗೆ ಹಳದಿ ಬಿಟ್ಟು ನೇರಳೆ–ಕಪ್ಪಾಗಿರುತ್ತದೆ, ಕಚ್ಚಿ ಹಿಡಿಯಬೇಕಾದ ಸ್ಪ್ರಿಂಗು ಬೆರಳಲ್ಲಿ ಒತ್ತಿದರೆ ಹಾಗೇ ಬಿದ್ದುಕೊಳ್ಳುತ್ತದೆ, ವೈರಿನ ಮೇಲಿನ ರಬ್ಬರು ಒಂದು ಇಂಚು ಗರಿಗರಿಯಾಗಿ ಮುಟ್ಟಿದರೆ ಉದುರುತ್ತದೆ.

ಹೀಗೇ ಫ್ಯೂಸಿನಿಂದ ಕಾಂಟ್ಯಾಕ್ಟರಿಗೆ (ಸ್ಟಾರ್ಟರಿನೊಳಗೆ ಮೂರೂ ಫೇಸನ್ನು ಕೂಡಿಸಿ ಬಿಡಿಸುವ ಸ್ವಿಚ್ಚು), ಕಾಂಟ್ಯಾಕ್ಟರಿನ ಮೇಲು–ಕೆಳಗೆ, ರಿಲೇಯ (ಆಂಪಿಯರ್ ಮಿತಿ ಮೀರಿದರೆ ಟ್ರಿಪ್ ಮಾಡುವ ಭಾಗ) ಮೇಲು–ಕೆಳಗೆ ಅಂತ ಮೂರೂ ಫೇಸಿನಲ್ಲಿ ಇಳಿಯುತ್ತಾ ಬನ್ನಿ. ಕಾಂಟ್ಯಾಕ್ಟಿನ ಬೆಳ್ಳಿ ಮಚ್ಚೆಯನ್ನು ಅರ ಹಾಕಿ ಉಜ್ಜಬೇಡಿ, ಬೆಳ್ಳಿ ಹೋದರೆ ತಾಮ್ರ ಮಿಕ್ಕು ಇನ್ನೂ ಬೇಗ ಸುಡುತ್ತದೆ. ಮೂರೂ ಫೇಸಿನ ಸೆಟ್ ಬದಲಿಸಿ. ಅಲ್ಯೂಮಿನಿಯಂ ವೈರನ್ನು ತಾಮ್ರಕ್ಕೆ ನೇರ ಸುತ್ತಿದ ಜಾಯಿಂಟ್ ಎಂದೂ ನಿಲ್ಲುವುದಿಲ್ಲ. ನಡುವೆ ತೇವ ಸೇರಿ ಪುಡಿ ಕಟ್ಟುತ್ತದೆ, ಆ ಪುಡಿ ಕರೆಂಟ್ ಹಾಯಿಸುವುದಿಲ್ಲ. ಎರಡೂ ಲೋಹಕ್ಕೆ ಹೊಂದುವ ಲಗ್ ಹಾಕಿ ಒತ್ತಿಸಿ. ಅಲ್ಯೂಮಿನಿಯಂ ಒತ್ತಡಕ್ಕೆ ಮೆಲ್ಲಗೆ ಹರಡಿಕೊಳ್ಳುತ್ತದೆ, ಹಾಗಾಗಿ ಒಂದು ವಾರ ಓಡಿದ ಮೇಲೆ ಕರೆಂಟ್ ತೆಗೆದು ಸ್ಕ್ರೂ ಮತ್ತೊಮ್ಮೆ ಬಿಗಿ ಮಾಡಿ.

ಆಂಪಿಯರ್ ಸಮ ಇಲ್ಲದಿದ್ದರೆ

ಮೂರು ವೈರಿನಲ್ಲಿ 8.4, 8.0, 10.6 ಕಂಡಿತು ಅನ್ನಿ. ತಪ್ಪು ಲೈನಿನದೋ ಮೋಟರಿನದೋ? ಸ್ಟಾರ್ಟರಿನಿಂದ ಮೋಟರಿಗೆ ಹೋಗುವ ಮೂರೂ ವೈರುಗಳನ್ನು ಕರೆಂಟ್ ತೆಗೆದು ಒಂದೊಂದು ಮನೆ ಮುಂದಕ್ಕೆ ಸರಿಸಿ: ಮೊದಲನೆಯದು ಎರಡಕ್ಕೆ, ಎರಡನೆಯದು ಮೂರಕ್ಕೆ, ಮೂರನೆಯದು ಒಂದಕ್ಕೆ. ಮೂರನ್ನೂ ಸರಿಸಿದರೆ ಮೋಟರ್ ತಿರುಗುವ ದಿಕ್ಕು ಬದಲಾಗುವುದಿಲ್ಲ. ಮತ್ತೆ ಓಡಿಸಿ ಅಳೆಯಿರಿ. 10.6 ಸ್ಟಾರ್ಟರಿನ ಅದೇ ಸ್ಕ್ರೂನಲ್ಲೇ ಉಳಿದರೆ ದೋಷ ಲೈನಿನದು ಅಥವಾ ಸ್ಟಾರ್ಟರಿನದು. ಮೋಟರ್ ವೈರಿನ ಜೊತೆ ಹೊರಟರೆ ದೋಷ ಕೇಬಲ್ಲಿನದು ಅಥವಾ ವೈಂಡಿಂಗಿನದು. ರಿವೈಂಡಿಂಗಿಗೆ ಕಳಿಸುವ ಮುಂಚೆ ಈ ಒಂದು ಪರೀಕ್ಷೆಯನ್ನು ಬಿಡಲೇಬಾರದು ಎಂಬುದು ನಮ್ಮ ಅಭಿಪ್ರಾಯ.

ಲೈನಿನದು ಎಂದಾದರೆ ವೋಲ್ಟೇಜ್ ನೋಡಿ. 400, 392, 372 ಇದ್ದರೆ ಸರಾಸರಿ 388, ಅದರಿಂದ ಹೆಚ್ಚು ದೂರ ಇರುವುದು 16, ಅಂದರೆ 4.1% ಅಸಮತೆ. ವೋಲ್ಟೇಜಿನಲ್ಲಿ ಇಷ್ಟು ಕಂಡರೆ ಆಂಪಿಯರಿನಲ್ಲಿ ಅದರ ಆರರಿಂದ ಹತ್ತು ಪಟ್ಟು ಅಸಮತೆ ಬರಬಹುದು. 1% ಒಳಗಿದ್ದರೆ ನಿಶ್ಚಿಂತೆ.

ಒಂದು ಫೇಸ್ ಪೂರಾ ಹೋದಾಗ ಬಹಳ ಜನ ಮೋಸ ಹೋಗುತ್ತಾರೆ. ಓಡುತ್ತಿದ್ದ ಮೋಟರಿಗೆ ಒಂದು ಫೇಸ್ ಕಡಿದುಹೋದರೂ ಅದು ಎರಡರಲ್ಲಿ ಓಡುತ್ತಲೇ ಇರುತ್ತದೆ, ಮತ್ತು ಕಡಿದ ತುದಿಗೆ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಮೋಟರ್ ಕಡೆಯ ಸ್ಕ್ರೂನಲ್ಲಿ ಅಳೆದರೆ ಮೂರೂ ಇದೆ ಅನ್ನಿಸುತ್ತದೆ, ಟೆಸ್ಟರ್ ಮೂರರಲ್ಲೂ ಉರಿಯುತ್ತದೆ. ಕ್ಲ್ಯಾಂಪ್ ಮೀಟರ್ ಮಾತ್ರ ನಿಜ ಹೇಳುತ್ತದೆ: ಒಂದರಲ್ಲಿ ಸೊನ್ನೆ, ಮಿಕ್ಕೆರಡರಲ್ಲಿ 1.7 ಪಟ್ಟು. ತ್ರೀ ಫೇಸ್ ಇಲ್ಲದ ಹೊತ್ತಿನಲ್ಲಿ ಕಂಡೆನ್ಸರ್ (ಕೆಪಾಸಿಟರ್) ಹಾಕಿ ಎರಡು ಫೇಸಿನಲ್ಲಿ ಓಡಿಸುವಾಗ ತೆಗೆದ ಅಳತೆಗಳಿಂದ ಏನನ್ನೂ ತೀರ್ಮಾನಿಸಬೇಡಿ. ಅಲ್ಲಿ ಅಸಮತೆ ಹುಟ್ಟಿನಿಂದಲೇ ಇರುತ್ತದೆ.

ಸ್ಟಾರ್ಟರಿನಲ್ಲಿ ಕೆಪಾಸಿಟರ್ ಇದ್ದರೆ ಕ್ಲ್ಯಾಂಪ್ ಎಲ್ಲಿ ಹಾಕುತ್ತೀರಿ ಅನ್ನುವುದೂ ಮುಖ್ಯ. ಕೆಪಾಸಿಟರಿಗಿಂತ ಹಿಂದೆ, ಲೈನಿನ ಕಡೆ, 7 ಕಂಡರೂ ಮೋಟರಿಗೆ ಹೋಗುವ ವೈರಿನಲ್ಲಿ 8.5 ಇರಬಹುದು. ನಮಗೆ ಬೇಕಾದ್ದು ಎರಡನೆಯದು. ಗಿರಣಿ, ಜೀನ್ಸ್ ಹೊಲಿಯುವ ಘಟಕಗಳಂತೆ ಮೀಟರ್ ಇರುವ ಕಡೆ ನಿಜವಾದ ವ್ಯಾಟನ್ನು ಮೀಟರಿನ ಕೆಂಪು ದೀಪದಿಂದಲೇ ತಿಳಿಯಬಹುದು. ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಮುಖದ ಮೇಲೆ ಅಚ್ಚಾಗಿರುತ್ತದೆ. 800 ಎಂದಿದ್ದು, ಬೇರೆಲ್ಲ ಆರಿಸಿ ಒಂದೇ ಮೋಟರ್ ಓಡಿಸಿದಾಗ 60 ಸೆಕೆಂಡಿಗೆ 64 ಮಿಣುಕು ಬಂದರೆ (ಒಂದು ಯೂನಿಟ್ ಅಂದರೆ 1000 ವ್ಯಾಟ್ × 3600 ಸೆಕೆಂಡ್) 36,00,000 × 64 ÷ (60 × 800) = 4800 ವ್ಯಾಟ್. 400 ವೋಲ್ಟ್, 9 ಆಂಪಿಯರಿನ ಗುಣಾಕಾರ 1.732 ಸೇರಿ 6235. ಭಾಗಿಸಿದರೆ ಪವರ್ ಫ್ಯಾಕ್ಟರ್ 0.77.

ಬೋರಿನೊಳಗಿನ ಕೇಬಲ್

ಕುಷ್ಟಗಿ, ಯಲಬುರ್ಗಾ ಕಡೆಯ ಆಳದ ಬೋರುಗಳಲ್ಲಿ ಮೋಟರ್ ತುದಿಯಲ್ಲಿ ಮೀಟರ್ ಹಿಡಿಯಲಾಗುವುದಿಲ್ಲ, ಅಲ್ಲಿ ಲೆಕ್ಕವೇ ಮೀಟರು. 500 ಅಡಿ ಇಳಿದು ಮೇಲೆ 150 ಮೀಟರ್ ಓಡಿದ ಕೇಬಲ್ಲು ಒಟ್ಟು 300 ಮೀಟರ್. ತಾಮ್ರಕ್ಕೆ ಓಮ್ = 0.0175 × ಮೀಟರ್ ÷ ಸ್ಕ್ವೇರ್ ಎಂಎಂ. 2.5 ಸ್ಕ್ವೇರ್‌ಗೆ ಒಂದು ಕೋರಿನಲ್ಲಿ (ಕೇಬಲ್ಲಿನೊಳಗಿನ ಒಂದು ತಂತಿಯಲ್ಲಿ) 2.1 ಓಮ್. 7.5 ಎಚ್‌ಪಿಯ 14 ಆಂಪಿಯರಿಗೆ ಇಳಿತ 1.732 × 14 × 2.1 × 0.8 = 41 ವೋಲ್ಟ್. ಡಬ್ಬಿಯಲ್ಲಿ 380 ಇದ್ದರೆ ಮೋಟರಿಗೆ ಸಿಗುವುದು 339. ಕೇಬಲ್ ನುಂಗುವ ಪವರ್ 3 × 14 × 14 × 2.1 = 1235 ವ್ಯಾಟ್, ಏಳು ತಾಸಿಗೆ ಎಂಟೂವರೆ ಯೂನಿಟ್. 6 ಸ್ಕ್ವೇರ್ ಹಾಕಿದ್ದರೆ ಇಳಿತ 17 ವೋಲ್ಟ್, ನಷ್ಟ 515 ವ್ಯಾಟ್. ಬೋರ್ ಆಳ ಮಾಡಿಸಿ ಮೋಟರ್ ಇನ್ನೂ ಕೆಳಗಿಳಿಸುವಾಗ ಹಳೇ ಕೇಬಲ್ಲಿಗೇ ತುಂಡು ಜೋಡಿಸುವವರು ಈ ಲೆಕ್ಕ ಒಮ್ಮೆ ಹಾಕಿ ನೋಡುವುದು ಒಳ್ಳೆಯದು.

ಮೇಲಿನಿಂದಲೇ ಓಮ್ ಅಳೆದರೆ ಎರಡು ಕೋರಿನದೂ ಸೇರಿ ಬರುತ್ತದೆ. ವೈಂಡಿಂಗ್ 1.8, ಕೋರುಗಳು 4.2, ಒಟ್ಟು 6.0 ಬರಬೇಕಾದಲ್ಲಿ ಮೂರು ಜೋಡಿ 6.0, 6.9, 6.9 ಆದರೆ ಹೆಚ್ಚಾದ ಎರಡರಲ್ಲೂ ಇರುವ ಕೋರಿನ ಜಾಯಿಂಟ್ 0.9 ಓಮ್ ಹಿಡಿದಿದೆ. 14 ಆಂಪಿಯರಿಗೆ ಅಲ್ಲಿ 176 ವ್ಯಾಟ್ ಬಿಸಿ. ಮೇಲಿನ ಜಾಯಿಂಟುಗಳನ್ನು ಮೊದಲು ನೋಡಿ, ಪೈಪ್ ಎತ್ತುವುದು ಆಮೇಲೆ.

ಬ್ಯಾಟರಿಯಿಂದ ವೈಂಡಿಂಗ್ ಓಮ್

ಸಾಮಾನ್ಯ ಮಲ್ಟಿಮೀಟರಿನ ಓಮ್ ರೇಂಜು ಎರಡು–ಮೂರು ಓಮನ್ನು ನಂಬುವಂತೆ ತೋರಿಸುವುದಿಲ್ಲ. ಅದರ ಕಡ್ಡಿಗಳೇ 0.3 ಓಮ್ ಇರುತ್ತವೆ. ವೋಲ್ಟ್, ಆಂಪಿಯರ್ ಬೇರೆ ಬೇರೆ ಅಳೆದು ಭಾಗಿಸುವುದು ಉತ್ತಮ. ಮೋಟರ್ ವೈರುಗಳನ್ನು ಸ್ಟಾರ್ಟರಿನಿಂದ ಪೂರ್ತಿ ಬಿಡಿಸಿ. ಬ್ಯಾಟರಿ, 55 ವ್ಯಾಟಿನ ಹೆಡ್‌ಲೈಟ್ ಬಲ್ಬು, ಆಂಪಿಯರ್ ಮೀಟರು, ಮೋಟರಿನ ಎರಡು ತುದಿ, ಇವಿಷ್ಟು ಒಂದರ ಹಿಂದೊಂದು. ಬಲ್ಬು ಕರೆಂಟನ್ನು 3 ಆಂಪಿಯರ್ ಸುತ್ತ ಹಿಡಿದಿಡುತ್ತದೆ. ಎಸಿ ಮಾತ್ರ ಅಳೆಯುವ ಕ್ಲ್ಯಾಂಪ್ ಇಲ್ಲಿ ಸೊನ್ನೆ ತೋರಿಸುತ್ತದೆ. ಡಿಸಿ ಕ್ಲ್ಯಾಂಪ್ ಬೇಕು, ಇಲ್ಲವೇ ಮಲ್ಟಿಮೀಟರಿನ 10 ಆಂಪಿಯರ್ ತೂತು. ವೋಲ್ಟನ್ನು ಮೋಟರಿನ ತುದಿಯ ತಾಮ್ರದ ಮೇಲೆಯೇ ಅಳೆಯಿರಿ, ಕ್ಲಿಪ್ಪಿನ ಮೇಲೆ ಅಲ್ಲ. ಮುಗಿಸುವಾಗ ಮೊದಲು ವೋಲ್ಟ್ ಕಡ್ಡಿ ತೆಗೆಯಿರಿ, ಆಮೇಲೆ ಬ್ಯಾಟರಿ. ವೈಂಡಿಂಗಿನ ಕರೆಂಟ್ ಕಡಿಯುವ ಗಳಿಗೆಯಲ್ಲಿ ಏಳುವ ಕಿಡಿ ಮೀಟರನ್ನೂ ಕೊಲ್ಲುತ್ತದೆ, ಬೆರಳಿಗೂ ಹೊಡೆಯುತ್ತದೆ.

ಒಂದು 5 ಎಚ್‌ಪಿ ಮೋಟರಿನ ಲೆಕ್ಕ ಹೀಗಿರಬಹುದು: 7.40 ÷ 2.92 = 2.53, 7.41 ÷ 2.92 = 2.54, 7.00 ÷ 3.02 = 2.32 ಓಮ್. ಒಂದು ಜೋಡಿ 8% ಕಡಿಮೆ, ಮಿಕ್ಕೆರಡು ಸಮ. ಡೆಲ್ಟಾ ಮೋಟರಿನಲ್ಲಿ (ಮೂರು ಸುರುಳಿ ತ್ರಿಕೋನದಂತೆ ಜೋಡಿಸಿದ್ದು) ಇದು ಆ ಒಂದು ಸುರುಳಿಯಲ್ಲಿ ಸುತ್ತುಗಳು ಒಂದಕ್ಕೊಂದು ಅಂಟಿವೆ ಅನ್ನುವ ಗುರುತು. ಸ್ಟಾರ್ (ಮೂರು ಸುರುಳಿಯ ಒಂದೊಂದು ತುದಿ ಒಂದೇ ಕಡೆ ಸೇರಿದ್ದು) ಆಗಿದ್ದರೆ ಎರಡು ಜೋಡಿ ಸಮನಾಗಿ ಕಡಿಮೆಯಾಗುತ್ತವೆ, ಎರಡಕ್ಕೂ ಸೇರಿದ ಸುರುಳಿ ಕೆಟ್ಟದ್ದು. ಇಂಥ ಮೋಟರನ್ನು ಮಾತ್ರ ಅಂಗಡಿಗೆ ಕಳಿಸಿ. ಮೂರೂ 2–3% ಒಳಗಿದ್ದರೆ ಸುತ್ತುಗಳು ಸರಿಯಿವೆ. ಮೋಟರಿನ ಮೈಗೆ ಕರೆಂಟ್ ಸೋರಿಕೆ ಇದೆಯೋ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರು) ಬೇಕು. ಒಂದು ಮೆಗಾಓಮ್‌ಗಿಂತ ಕೆಳಗಿದ್ದರೆ ಓಡಿಸಬೇಡಿ. 9 ವೋಲ್ಟ್ ಬ್ಯಾಟರಿಯ ಮಲ್ಟಿಮೀಟರ್ ಈ ಸೋರಿಕೆಯನ್ನು ಕಾಣಲಾರದು.

ಇದೇ ಅಳತೆಯಿಂದ ವೈಂಡಿಂಗಿನ ಒಳಬಿಸಿಯೂ ತಿಳಿಯುತ್ತದೆ. ಬೆಳಿಗ್ಗೆ 30 ಡಿಗ್ರಿಯಲ್ಲಿ 2.53 ಓಮ್ ಇದ್ದದ್ದು ಎರಡು ತಾಸು ಓಡಿಸಿ ನಿಲ್ಲಿಸಿದ ಒಂದು ನಿಮಿಷದೊಳಗೆ 3.10 ಆದರೆ: 3.10 ÷ 2.53 × 264.5 − 234.5 = 90 ಡಿಗ್ರಿ. ಬಿ ದರ್ಜೆಯ ಇನ್ಸುಲೇಷನ್ನಿನ ಮಿತಿ 130, ಇದು ಸುರಕ್ಷಿತ. 234.5 ಅನ್ನುವುದು ತಾಮ್ರದ ಸ್ಥಿರ ಸಂಖ್ಯೆ, 264.5 ಅಂದರೆ ಅದಕ್ಕೆ ಬೆಳಗಿನ 30 ಕೂಡಿಸಿದ್ದು. ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ಮೋಟರಿನ ಮೈ ಕೈಗೆ ತಾಳದಷ್ಟು ಕಾದರೂ ಒಳಗೆ ಮಿತಿಯೊಳಗೇ ಇರಬಹುದು. ಕೈ ಥರ್ಮಾಮೀಟರ್ ಅಲ್ಲ.

ಪಂಪಿನ ತಪ್ಪು

ವೋಲ್ಟೇಜ್ 410, ಮೂರೂ ಆಂಪಿಯರ್ ಸಮ, ಆದರೆ 8ರ ಬದಲು 10.5. ಶಾಫ್ಟ್ ಕೈಯಲ್ಲಿ ತಿರುಗಿಸಿ ನೋಡಿ. ಬಿಗಿಯಿದ್ದರೆ ಬೇರಿಂಗ್, ಇಲ್ಲವೇ ಗ್ಲ್ಯಾಂಡ್ ಹಗ್ಗ (ನೀರು ಸೋರದಂತೆ ಶಾಫ್ಟಿನ ಸುತ್ತ ತುಂಬುವುದು) ಅತಿ ಬಿಗಿ, ಇಲ್ಲವೇ ಮರಳು. ಸಲೀಸಾಗಿ ತಿರುಗಿದರೆ ಡೆಲಿವರಿ ವಾಲ್ವನ್ನು ಸ್ವಲ್ಪ ಮುಚ್ಚಿ. ಆಂಪಿಯರ್ ಇಳಿದರೆ ಪಂಪು ತನ್ನ ಲೆಕ್ಕಕ್ಕಿಂತ ಹೆಚ್ಚು ನೀರೆತ್ತುತ್ತಿದೆ. ತುಂಗಭದ್ರಾ ಕಾಲುವೆ ತುಂಬಿ ಹರಿಯುವಾಗ ಎತ್ತುವ ಎತ್ತರ ಕಡಿಮೆಯಾಗಿ ಹೀಗೆ ಆಗುತ್ತದೆ. ಬೇಸಿಗೆಯಲ್ಲಿ ಸರಿಯಿದ್ದ ಮೋಟರ್ ನೀರು ಬಿಟ್ಟ ಮೇಲೆ ಟ್ರಿಪ್ ಆಗುವುದಕ್ಕೆ ಇದೇ ಕಾರಣ. ವಾಲ್ವು ಅಷ್ಟಕ್ಕೇ ಬಿಡಿ. ಆಂಪಿಯರ್ ತೀರ ಕಡಿಮೆ, 5ರ ಹತ್ತಿರ ಇದ್ದರೆ ನೀರೇ ಇಲ್ಲ, ಗಾಳಿ ಹಿಡಿದಿದೆ ಅಥವಾ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಶಾಫ್ಟಿನ ಮೇಲೆ ಜಾರುತ್ತಿದೆ.

ಎಲ್ಲ ಸರಿಯಿದ್ದೂ ಟ್ರಿಪ್ ಆದರೆ ರಿಲೇಯ ಗುಂಡಿ ನೋಡಿ. ಮೋಟರಿಗೆ ನೇರ ಕರೆಂಟ್ ಕೊಡುವ ಡಿಒಎಲ್ ಸ್ಟಾರ್ಟರಿನಲ್ಲಿ ಅದು ನೇಮ್‌ಪ್ಲೇಟಿನ ಆಂಪಿಯರಿಗೇ ನಿಲ್ಲಬೇಕು. ಸ್ಟಾರ್–ಡೆಲ್ಟಾದಲ್ಲಿ ರಿಲೇ ಸುರುಳಿಯ ವೈರಿನಲ್ಲಿರುವುದರಿಂದ ನೇಮ್‌ಪ್ಲೇಟಿನ 0.58 ಪಾಲು: 14.5 ಆಂಪಿಯರಿನ ಮೋಟರಿಗೆ 8.4. ಅಲ್ಲಿ 14.5ಕ್ಕೇ ಇಟ್ಟ ರಿಲೇ ಟ್ರಿಪ್ ಆಗುವುದೇ ಇಲ್ಲ, ಮೋಟರ್ ಸುಟ್ಟ ವಾಸನೆ ಬಂದ ಮೇಲೂ.